ಮರದ ಮೂತಿಯ ಸಿಪಾಯಿಗಳು

ತೊಂಬತ್ತರ ದಶಕದ ನಡುವಿನಲ್ಲಿ ನಾನು ದುಬೈಯಲ್ಲಿ ಕೆಲಸಕ್ಕಿದ್ದದ್ದು, ಬೇರೆ ಬೇರೆ ದೇಶಗಳ ಸೈನ್ಯಕ್ಕೆ ಬೇಡವಾದ ಸಾಮಾನು ತಂದು ಮಾರುವ ಒಂದು ಕಂಪನಿಯಲ್ಲಿ. ಊರಿಗೆ ಹೋದಾಗ ಯಾರಾದರೂ ಎಂತ ಕೆಲಸ ಎಂದು ಕೇಳಿ ನಾನು ಇದನ್ನು ಹೇಳಿದರೆ ಅವರ ಮುಖ ಸ್ವಲ್ಪ ಸಣ್ಣದಾಗುತ್ತಿತ್ತು. ಮರುಕ್ಷಣ ಒಂದು ಟಾರ್ಪಾಲು ಸಿಕ್ಕೀತೇ ಎಂದು ಕೇಳುತ್ತಿದ್ದರು. ನಾವು ಮಾರುತ್ತಿದ್ದದ್ದೂ ಅಂಥದ್ದನ್ನೇ. ಡೇರೆ, ನೀರಿನ ಕ್ಯಾನು, ನುಸಿಗುಳಿಗೆಯ ವಾಸನೆ ಹೊಡೆಯುವ ಕಂಬಳಿ, ಸ್ಟ್ರೆಚರು, ತಗಡಿನ ಊಟದ ಡಬ್ಬಿ. ಆಫೀಸು ಅಲ್ ಮುರಕ್ಕಬಾತ್‌ನಲ್ಲಿ ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿತ್ತು, ಗೋದಾಮು ಊರಾಚೆ ಅಲ್ ಖೂಜ್‌ನಲ್ಲಿ. ನಾನು ಆಫೀಸಿನಲ್ಲಿ ಕೂತು ಕಸ್ಟಮ್ಸಿನ ಕಾಗದ ಟೈಪು ಮಾಡುತ್ತಿದ್ದೆ, ಫ್ಯಾಕ್ಸು ನೋಡಿಕೊಳ್ಳುತ್ತಿದ್ದೆ, ಮಧ್ಯಾಹ್ನ ಕೆಳಗಿನ ಹೋಟೆಲಿನ ಬಿರಿಯಾನಿಯ ಪರಿಮಳದಲ್ಲಿ ನನ್ನ ಮೊಸರನ್ನ ತಿನ್ನುತ್ತಿದ್ದೆ.

ಆಯುಧ ಮಾರುವ ಲೈಸೆನ್ಸು ನಮಗಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆದರೆ ಸೈನ್ಯದ ಸಾಮಾನನ್ನು ಕಂಟೇನರಿನ ಲೆಕ್ಕದಲ್ಲಿ ಕೊಳ್ಳುವಾಗ ಒಳಗೆ ಏನಿದೆ ಎನ್ನುವುದು ಮಾರುವವನಿಗೂ ಪೂರ್ತಿ ಗೊತ್ತಿರುವುದಿಲ್ಲ. ಕಂಬಳಿಗಳ ನಡುವೆ ಒಮ್ಮೊಮ್ಮೆ ತರಬೇತಿಯ ತೋಟಾಗಳು ಬಂದುಬಿಡುತ್ತಿದ್ದವು. ಹೊಸದಾಗಿ ಸೇರಿದ ಸಿಪಾಯಿಗೆ ಕೋವಿ ತುಂಬುವುದನ್ನು ಕಲಿಸಲು ಮಾಡಿದ ತೋಟಾಗಳವು. ಹಿತ್ತಾಳೆಯ ಮೈಯಲ್ಲಿ ಅಲ್ಲಲ್ಲಿ ತೂತು ಕೊರೆದಿರುತ್ತಾರೆ. ಒಳಗೆ ಮದ್ದಿಲ್ಲ, ಬಡಿದರೆ ಕಿಡಿ ಹಾರಿ ಮದ್ದಿಗೆ ಬೆಂಕಿ ಹಚ್ಚುವ ಕೇಪು ಬುಡದಲ್ಲಿಲ್ಲ. ಕೋವಿಗೆ ಹಾಕಬಹುದು, ತೆಗೆಯಬಹುದು, ಮತ್ತೆ ಹಾಕಬಹುದು, ಅಷ್ಟೇ. ಮ್ಯಾನೇಜರ್ ಪ್ರತಿಸಲವೂ ಪೊಲೀಸರಿಗೆ ಫೋನು ಮಾಡುತ್ತಿದ್ದರು, ಪೊಲೀಸರು ಬಂದು ನೋಡಿ, ತೂತಿನವನ್ನು ನಮಗೇ ಬಿಟ್ಟು ಹೋಗುತ್ತಿದ್ದರು. ಗೋದಾಮಿನ ಫ್ಯಾನಿಗೆ ಕಾಗದ ಹಾರದಂತೆ ಇಡಲು ಅವು ಚೆನ್ನಾಗಿದ್ದವು.

ಗೋದಾಮಿನ ಉಸ್ತುವಾರಿ ಮಂಗಳೂರು ಕಡೆಯ ಒಬ್ಬ ಬ್ಯಾರಿಯದು. ನಲವತ್ತು ದಾಟಿದ ಮನುಷ್ಯ, ಎಲ್ಲರಿಗೂ ಕಾಕಾ. ನಾನು ಉಡುಪಿ ಕಡೆಯವಳಾದ್ದರಿಂದ ನಮ್ಮಿಬ್ಬರ ಮಾತು ಸಲೀಸು. ತೋಟಾಗಳ ವಿಷಯದಲ್ಲಿ ಅವರಿಗೆ ಒಂದು ನಿಯಮವಿತ್ತು, ಅದನ್ನು ನನಗೂ ಹೇಳಿಕೊಟ್ಟಿದ್ದರು.

"ತಲೆ ನೋಡ್ಬೇಕು ಮೇಡಂ. ತಲೆ ತಾಮ್ರದ್ದಾದ್ರೆ ಮುಟ್ಲಿಕ್ಕಿಲ್ಲ. ಬೇರೆ ಎಂತದ್ದಾದ್ರೂ ಅದು ಆಟದ್ದು."

ಇಷ್ಟು ಸುಲಭವಾಗಿ ನೆನಪಿಡಬಹುದಾದ ನಿಯಮ ತಪ್ಪಾಗಿರಬಹುದು ಎಂದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಆ ವರ್ಷ ಕಾಕಾ ತೋಟಾಗಳ ಬಗ್ಗೆ ಯೋಚಿಸುವ ಸ್ಥಿತಿಯಲ್ಲೂ ಇರಲಿಲ್ಲ. ಅವರ ಹೆಂಡತಿ ಮೊದಲ ಸಲ ದುಬೈಗೆ ಬರುವವರಿದ್ದರು. ಮದುವೆಯಾಗಿ ಹದಿನೈದು ವರ್ಷವಾದರೂ ಅವರಿಬ್ಬರು ಜೊತೆಗಿದ್ದದ್ದು ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯಲ್ಲಿ ಮಾತ್ರ. ಮಕ್ಕಳಾಗಲಿಲ್ಲ. ಈಗ ವಿಸಿಟ್ ವೀಸಾ ಆಗಿತ್ತು, ಟಿಕೆಟು ಆಗಿತ್ತು, ದೇರಾದಲ್ಲಿ ಹಂಚಿಕೊಂಡ ಫ್ಲ್ಯಾಟೊಂದರಲ್ಲಿ ಒಂದು ಕೋಣೆ ಹಿಡಿದು ಅದಕ್ಕೆ ತಾವೇ ಬಣ್ಣ ಹೊಡೆದಿದ್ದರು. ಪರದೆಗೆ ಯಾವ ಬಣ್ಣ ಒಳ್ಳೆಯದು ಎಂದು ಆಫೀಸಿಗೆ ಫೋನು ಮಾಡಿ ನನ್ನನ್ನು ಕೇಳಿದ್ದರು. ಹಸಿರು ಎಂದಿದ್ದೆ. ಇನ್ನೊಂದು ಸಲ ಫೋನು ಮಾಡಿ, ಎಂಥ ಹಸಿರು ಎಂದು ಕೇಳಿದರು.

ಅದೇ ಹೊತ್ತಿಗೆ ನಮ್ಮ ಮನೆಗೂ ವಿಸಿಟ್ ವೀಸಾದಲ್ಲಿ ನನ್ನ ಅತ್ತೆ ಬಂದಿಳಿದಿದ್ದರು. ಅತ್ತೆ ಮೈಸೂರಿನವರು. ನನ್ನ ಗಂಡ ಅವರಿಗೆ ಒಬ್ಬನೇ ಮಗ. ಕೈಚೀಲದಲ್ಲಿ ಔಷಧಿಯ ಬದಲು ಪಟ್ಟದ ಗೊಂಬೆಗಳನ್ನು ತಂದಿದ್ದರು. ಚಂದನದ ಮರದ ರಾಜ, ರಾಣಿ. ಅವರ ಮದುವೆಯಲ್ಲಿ ತವರಿನಿಂದ ಕೊಟ್ಟದ್ದು. ನವರಾತ್ರಿಗೆ ಮೆಟ್ಟಿಲು ಕಟ್ಟಿ ಗೊಂಬೆ ಕೂರಿಸದೆ ಅವರು ಒಂದು ವರ್ಷವೂ ಇದ್ದವರಲ್ಲ. ನಮ್ಮ ಕಡೆ ಗೊಂಬೆಯ ಪದ್ಧತಿ ಇಲ್ಲ, ನಮ್ಮದು ಹುಲಿವೇಷ. ಆದ್ದರಿಂದ ಈ ವಿಷಯದಲ್ಲಿ ನಾನು ಬಾಯಿ ಬಿಡುವಂತಿರಲಿಲ್ಲ.

"ಮೆಟ್ಲು ಎಲ್ಲೇ ನಿಮ್ಮನೇಲಿ?" ಎಂದರು ಅತ್ತೆ, ನಾನು ಮೆಟ್ಟಿಲನ್ನು ಬೇಕೆಂದೇ ಅಡಗಿಸಿಟ್ಟಿದ್ದೇನೆ ಎನ್ನುವ ಹಾಗೆ.

ಗೋದಾಮಿನಲ್ಲಿ ಸೈನ್ಯದ ಖಾಲಿ ಮರದ ಪೆಟ್ಟಿಗೆಗಳು ರಾಶಿ ಬಿದ್ದಿದ್ದವು. ಒಂದರ ಮೇಲೊಂದು ಪೇರಿಸಿದರೆ ಒಳ್ಳೆಯ ಮೆಟ್ಟಿಲು. ಹೀಗಾಗಿ ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ, ಮಂಗಳವಾರ ಸಂಜೆ, ನಾನು ಅತ್ತೆಯನ್ನು ಕರೆದುಕೊಂಡು ಅಲ್ ಖೂಜ್‌ಗೆ ಹೋದೆ. ಕಾಕಾ ಕುರ್ಚಿ ಒರೆಸಿ ಹಾಕಿದರು, ಸುಲೈಮಾನಿ ಚಹಾ ತರಿಸಿದರು. ಅತ್ತೆ ಕುರ್ಚಿಯಲ್ಲಿ ಕೂರಲಿಲ್ಲ. ಪೆಟ್ಟಿಗೆಗಳನ್ನು ಬೆರಳಿನಿಂದ ತಟ್ಟಿ ತಟ್ಟಿ, ತರಕಾರಿ ಆರಿಸುವಂತೆ ಆರಿಸಿದರು.

ಯುರೋಪಿನಿಂದ ಬಂದ ಒಂದು ಕಂಟೇನರನ್ನು ಆ ದಿನವಷ್ಟೇ ಇಳಿಸಿದ್ದರು. ಅದರಲ್ಲೊಂದು ಪೆಟ್ಟಿಗೆಯ ಮುಚ್ಚಳ ತೆಗೆದಿತ್ತು. ಅತ್ತೆ ಅದರ ಮುಂದೆ ನಿಂತುಬಿಟ್ಟರು. ಒಳಗಿನ ರಟ್ಟಿನ ಡಬ್ಬಿಯಲ್ಲಿ, ಒಂದೊಂದಕ್ಕೆ ಒಂದೊಂದು ಗೂಡು ಮಾಡಿ, ತೋಟಾಗಳನ್ನು ಸಾಲಾಗಿ ನಿಲ್ಲಿಸಿದ್ದರು. ಮೈ ಹಿತ್ತಾಳೆಯದು. ಮೂತಿ ಮರದ್ದು, ನುಣ್ಣಗೆ ಕಡೆದು ಕೆಂಪು ಬಣ್ಣ ಕೊಟ್ಟದ್ದು.

"ಚನ್ನಪಟ್ಟಣದ ಕೆಲ್ಸ ಇದ್ದಂಗಿದೆಯಲ್ಲಪ್ಪಾ," ಎಂದರು ಅತ್ತೆ. "ನೋಡು, ಕೆಂಪು ರುಮಾಲು ಸುತ್ಕೊಂಡು ಸಿಪಾಯಿಗಳು ನಿಂತಿರೋ ಹಾಗೆ."

"ಮರದ ಗುಂಡು ಅಮ್ಮ," ಎಂದರು ಕಾಕಾ. "ಇದರಲ್ಲಿ ಗುಬ್ಬಿ ಸಹ ಸಾಯುದಿಲ್ಲ. ಮಕ್ಕಳಿಗೆ ಕಲಿಸ್ಲಿಕ್ಕೆ ಮಾಡಿದ್ದು."

"ದಸರಾ ಮೆರವಣಿಗೆಗೆ ಸಿಪಾಯಿಗಳೇ ಇರ್ಲಿಲ್ಲ ಕಣೇ ನನ್ಹತ್ರ," ಎಂದು ಅತ್ತೆ ನನಗೆ ಹೇಳಿದರು. ಹೇಳಿದ್ದು ನನಗೆ, ನೋಡಿದ್ದು ಕಾಕಾನನ್ನು.

ಕಾಕಾ ತಲೆ ನೋಡಿದರು. ತಾಮ್ರ ಅಲ್ಲ. ಒಂದು ಮುಷ್ಟಿ ತೆಗೆದು ಮಲಯಾಳಂ ಪೇಪರಿನಲ್ಲಿ ಸುತ್ತಿ ಕೊಟ್ಟರು. ಹೆಂಡತಿ ಬರುವ ಸಂಭ್ರಮದಲ್ಲಿ ಅವರು ಆ ವಾರ ಯಾರು ಏನು ಕೇಳಿದರೂ ಕೊಡುತ್ತಿದ್ದರು.

ಗುರುವಾರ ಪಾಡ್ಯ, ಗೊಂಬೆ ಕೂತವು. ಸೈನ್ಯದ ಪೆಟ್ಟಿಗೆಗಳ ಮೇಲೆ ಅತ್ತೆಯ ಬಿಳಿ ಪಂಚೆ ಹಾಸಿ, ಮೇಲಿನ ಮೆಟ್ಟಿಲಲ್ಲಿ ರಾಜ ರಾಣಿ, ಕಲಶ. ಕೆಳಗೆ ಬರ್ ದುಬೈನಲ್ಲಿ ಕೊಂಡ ಪ್ಲಾಸ್ಟಿಕ್ ಹಣ್ಣು, ರಬ್ಬರಿನ ಆನೆ, ಆನೆಯ ಮೇಲೆ ನನ್ನ ಸರದ ಡಬ್ಬಿಯಿಂದ ಮಾಡಿದ ಅಂಬಾರಿ. ಆನೆಯ ಹಿಂದೆ ಮುಂದೆ ಮರದ ಮೂತಿಯ ಸಿಪಾಯಿಗಳು ಎರಡು ಸಾಲು. ಒಬ್ಬೊಬ್ಬನ ಹೊಟ್ಟೆಗೂ ಅರಿಶಿನ, ಕುಂಕುಮ. ಪಕ್ಕದಲ್ಲೇ ಎರಡು ಹಿತ್ತಾಳೆ ದೀಪ. ನಾವಿದ್ದ ಊದ್ ಮೇಥಾದ ಕನ್ನಡದ ಹೆಂಗಸರು ಮಕ್ಕಳನ್ನು ಕರೆದುಕೊಂಡು ಬಂದರು, ಹಾಡಿದರು, ಉಸ್ಲಿ ತಿಂದರು. ಸಿಪಾಯಿಗಳನ್ನು ಎಲ್ಲರೂ ಮೆಚ್ಚಿದರು. ಎಲ್ಲಿ ಸಿಗುತ್ತವೆ ಎಂದು ಇಬ್ಬರು ಅಂಗಡಿಯ ವಿಳಾಸ ಕೇಳಿದರು. ನಾನು ಸ್ಟಾಕು ಮುಗಿದಿದೆ ಎಂದೆ.

ಮುಂದಿನ ಮಂಗಳವಾರ ಬೆಳಿಗ್ಗೆ ಫ್ಯಾಕ್ಸು ಬಂತು. ಆ ಪೆಟ್ಟಿಗೆ ನಾವು ಕೇಳಿದ್ದಲ್ಲ, ಪೊಲೀಸರನ್ನು ಕರೆಯುವ ಮೊದಲು ಏನಿದು ಎಂದು ಮ್ಯಾನೇಜರ್ ಮಾರಿದವರನ್ನು ಕೇಳಿದ್ದರು, ಅದಕ್ಕೆ ಉತ್ತರ. ಉದ್ದಕ್ಕೆ ಬರೆದಿದ್ದರು. ಇವು ತರಬೇತಿಯ ತೋಟಾಗಳೇ ಹೌದು. ಆದರೆ ಖಾಲಿ ತೋಟಾಗಳಲ್ಲ. ಒಂದೇ ಸಮನೆ ಹಾರಿಸುವ ಮೆಷಿನ್‌ಗನ್ನು ನಿಜವಾದ ಗುಂಡೇ ಎಂದು ನಂಬಿ ಒಂದಾದ ಮೇಲೊಂದು ತೋಟಾ ಒಳಗೆಳೆದುಕೊಳ್ಳಬೇಕಾದರೆ ಮೂತಿಯ ಆಕಾರ ಇರಬೇಕು, ಅದಕ್ಕೇ ಮರ. ಒಳಗೆ ಮದ್ದು ಇದೆ, ಬುಡದಲ್ಲಿ ಕೇಪು ಇದೆ. ಹಾರಿಸಿದರೆ ಮರ ನಳಿಗೆಯ ತುದಿಯಲ್ಲಿ ಚೂರು ಚೂರಾಗುತ್ತದೆ, ಹತ್ತಿರ ನಿಂತವರಿಗೆ ಆ ಚೂರುಗಳೇ ಸಾಕು. ತಪ್ಪಿ ಬಂದಿದೆ, ಕ್ಷಮಿಸಿ, ಬೆಂಕಿಯಿಂದ ದೂರವಿಡಿ, ಅಧಿಕಾರಿಗಳಿಗೆ ಒಪ್ಪಿಸಿ.

ಬೆಂಕಿಯಿಂದ ದೂರವಿಡಿ ಎನ್ನುವುದನ್ನು ನಾನು ಇನ್ನೊಂದು ಸಲ ಓದಿದೆ. ನೋಡಬೇಕಾದದ್ದು ತಲೆಯನ್ನಲ್ಲ, ಬುಡವನ್ನು. ಆರು ದಿನದಿಂದ ನಾನು ಬೆಳಿಗ್ಗೆ ಸಂಜೆ ಅವುಗಳ ಮುಂದೆ ಆರತಿ ಎತ್ತುತ್ತಿದ್ದೆ, ಒಂದರ ಬುಡವನ್ನೂ ನೋಡಿರಲಿಲ್ಲ.

ಮ್ಯಾನೇಜರ್ ಪೊಲೀಸರಿಗೆ ಫೋನು ಮಾಡಿದರು. ಗುರುವಾರ ಬೆಳಿಗ್ಗೆ ಬಂದು ಎಲ್ಲವನ್ನೂ ಎಣಿಸಿ ತೆಗೆದುಕೊಂಡು ಹೋಗುತ್ತೇವೆ, ಅಲ್ಲಿಯತನಕ ಯಾರೂ ಮುಟ್ಟಬೇಡಿ ಎಂದರು ಅವರು. ಆಮೇಲೆ ಮ್ಯಾನೇಜರ್ ಗೋದಾಮಿಗೆ ಫೋನು ಹಚ್ಚಿ ಕಾಕಾನನ್ನು ಕೇಳಿದರು, ಎಲ್ಲ ಹಾಗೇ ಉಂಟಲ್ಲ ಎಂದು. ಕಾಕಾ ಉಂಟು ಎಂದರು. ಆ ಫೋನು ಇಟ್ಟ ಕೂಡಲೇ ನನ್ನ ಮೇಜಿನ ಫೋನು ಬಡಿಯಿತು.

"ಮೇಡಂ, ಅಮ್ಮನ ಗೊಂಬೆ ಯಾವಾಗ ಮುಗಿಯುದು?"

"ಶನಿವಾರ ದಶಮಿ."

"ಶುಕ್ರವಾರ ಇವಳು ಬರ್ತಾಳೆ," ಎಂದರು. "ಗುರುವಾರ ಕಮ್ಮಿ ಬಂದ್ರೆ ನಾನು ಏರ್‌ಪೋರ್ಟಿಗೆ ಹೋಗುದಲ್ಲ ಮೇಡಂ, ಠಾಣೆಗೆ ಹೋಗುದು. ಅವಳಿಗೆ ಇಲ್ಲಿ ಒಂದು ಜನ ಗುರ್ತ ಇಲ್ಲ."

ಅದರಲ್ಲಿ ಉತ್ಪ್ರೇಕ್ಷೆ ಏನೂ ಇರಲಿಲ್ಲ. ಆ ದೇಶದಲ್ಲಿ ಮದ್ದಿರುವ ತೋಟಾ ಒಂದು ಯಾರ ಮನೆಯಲ್ಲಿ ಸಿಕ್ಕರೂ ಅವರನ್ನು ಕೇಳುವ ಪ್ರಶ್ನೆಗಳು ಉದ್ದ. ನಮ್ಮ ಮನೆಯಲ್ಲಿ ಒಂದಲ್ಲ, ಎರಡು ಸಾಲು ಇದ್ದವು, ಅಂಬಾರಿಯ ಸಮೇತ.

ನಾನು ಹೊಟ್ಟೆನೋವು ಎಂದು ರಜೆ ಬರೆದು ಟ್ಯಾಕ್ಸಿ ಹಿಡಿದು ಮನೆಗೆ ಬಂದೆ. ಮೊದಲು ದೀಪಗಳನ್ನು ಎತ್ತಿ ಅಡುಗೆಮನೆಯ ಮೂಲೆಗೆ ಒಯ್ದಿಟ್ಟೆ. ಅತ್ತೆ ಹಿಂದೆಯೇ ಬಂದರು.

"ನಿಂಗೇನಾಯ್ತೇ? ದೇವರ ದೀಪ ತಂದು ಸಿಂಕಿನ ಪಕ್ಕ ಇಡ್ತಾರಾ ಯಾರಾದ್ರೂ?"

ನಾನು ಫ್ಯಾಕ್ಸಿನಲ್ಲಿದ್ದದ್ದನ್ನೆಲ್ಲ ಹೇಳಿದೆ. ಅತ್ತೆ ಕೇಳಿಸಿಕೊಂಡರು. ಹೋಗಿ ಒಂದು ಸಿಪಾಯಿಯನ್ನು ದೂರದಿಂದಲೇ ಬಗ್ಗಿ ನೋಡಿದರು.

"ಸರಿ, ದೀಪ ದೂರ ಇಡೋಣ," ಎಂದರು. "ಆದ್ರೆ ಎತ್ತೋ ಮಾತು ಆಡ್ಬೇಡ. ಕೂರಿಸಿದ ಮೇಲೆ ದಶಮಿ ರಾತ್ರಿ ಮಲಗಿಸೋವರೆಗೂ ಒಂದು ಗೊಂಬೆನೂ ಕದಲಿಸೋ ಹಾಗಿಲ್ಲ."

"ಅತ್ತೆ, ಅವು ಗೊಂಬೆ ಅಲ್ಲ."

"ಕುಂಕುಮ ಇಟ್ಟಾಗಿದೆ. ಈಗ ಗೊಂಬೆ."

ನನಗೆ ಸಿಟ್ಟು ನೆತ್ತಿಗೇರಿತು, ಒಬ್ಬ ಮನುಷ್ಯನ ಬಾಳಿಗಿಂತ ನಿಮಗೆ ಪ್ಲಾಸ್ಟಿಕ್ ಹಣ್ಣು ಹೆಚ್ಚಾಯಿತೇ ಎಂದು ಕೂಗಾಡಿದೆ. ಅತ್ತೆ ತಿರುಗಿ ಕೂಗಲಿಲ್ಲ. ಅವರು ಕೂಗದೇ ಇದ್ದದ್ದು ನನಗೆ ಹೊಸದು. ಕೂತುಕೊಂಡು, ತಮ್ಮ ಅತ್ತೆಯ ಕಾಲದ ಒಂದು ಸಂಗತಿ ಹೇಳಿದರು. ಮನೆಯಲ್ಲಿ ಹೆಣ್ಣು ನೋಡುವ ಶಾಸ್ತ್ರಕ್ಕೆ ನಡುಮನೆ ಬೇಕೆಂದು ಷಷ್ಠಿಯ ದಿನ ಗೊಂಬೆಗಳನ್ನು ಎತ್ತಿದರಂತೆ. ದಶಮಿಯ ಒಳಗೆ ಮನೆಯ ಹಿರಿಮಗ ಮಾಳಿಗೆಯ ಏಣಿಯಿಂದ ಬಿದ್ದವನು ಏಳಲೇ ಇಲ್ಲ.

"ನನಗಿರೋದು ಒಬ್ಬನೇ ಮಗ," ಎಂದರು ಅತ್ತೆ.

ಆ ಒಬ್ಬನೇ ಮಗ ಸಂಜೆ ಆಫೀಸಿನಿಂದ ಬಂದು, ಎಲ್ಲವನ್ನೂ ಅರ್ಧ ಕಿವಿಯಲ್ಲಿ ಕೇಳಿ, "ಇದನ್ನ ನೀವಿಬ್ಬರೇ ಮಾತಾಡ್ಕೊಳ್ಳಿ," ಎಂದು ಟಿವಿ ಹಾಕಿದ. ಕಂಪ್ಯೂಟರ್ ಕೆಲಸದವನು. ಮನೆಯಲ್ಲಿ ಜಗಳ ಎದ್ದಾಗ ಸ್ವಿಚ್ಚು ಆರಿಸಿ ಮತ್ತೆ ಹಾಕಿದರೆ ಸರಿಹೋಗುತ್ತದೆ ಎಂದು ನಂಬಿದ್ದ.

ಬುಧವಾರ ಕೆಲಸ ಬಿಟ್ಟಮೇಲೆ ಕಾಕಾ ನಮ್ಮ ಮನೆಗೆ ಬಂದರು. ನಾನೇ ಬರಹೇಳಿದ್ದೆ. ಕೈಯಲ್ಲಿ ಗೂಡುಗಳಿರುವ ಆ ರಟ್ಟಿನ ಡಬ್ಬಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ತಂದಿದ್ದರು. ಅರ್ಧ ಗೂಡುಗಳು ಖಾಲಿ. ಚಪ್ಪಲಿ ಬಿಟ್ಟು, ಕಾಲು ತೊಳೆದು, ಗೊಂಬೆಗಳಿಂದ ದೂರಕ್ಕೆ ಗೋಡೆ ಪಕ್ಕ ಕೂತರು. ಅತ್ತೆ ಒಂದು ತಟ್ಟೆ ಕಡಲೆ ಉಸ್ಲಿ ತಂದಿಟ್ಟರು. ಅವರು ತಿಂದರು. ಚೆಂದ ಉಂಟು ಅಮ್ಮ ಎಂದರು. ಬಂದ ವಿಷಯ ಮಾತ್ರ ಎತ್ತಲಿಲ್ಲ. ನಾನು ಕಣ್ಣಿನಲ್ಲೇ ಎಷ್ಟು ತಿವಿದರೂ ಎತ್ತಲಿಲ್ಲ.

ಕೊನೆಗೆ ಅತ್ತೆಯೇ ಕೇಳಿದರು. "ಪೊಲೀಸರಿಗೆ ಹೇಳಕ್ಕಾಗಲ್ವೇನಪ್ಪಾ, ಹಬ್ಬ ಇದೆ, ಎರಡು ದಿನ ತಡೀರಿ ಅಂತ?"

"ಆಗುದಿಲ್ಲ ಅಮ್ಮ."

"ಮತ್ತೆ ನೀನು ಯಾಕೆ ಕೇಳ್ತಿಲ್ಲ, ವಾಪಸ್ ಕೊಡಿ ಅಂತ?"

ಕಾಕಾ ತಟ್ಟೆಯನ್ನು ಕೆಳಗಿಟ್ಟರು. "ನಿಮ್ಮ ದೇವರ ಎದುರು ಕೂರಿಸಿದ್ದೀರಿ. ಮೇಡಂ ಹೇಳಿದ್ರು, ತೆಗೆದ್ರೆ ಮಗನಿಗೆ ಆಗುದಿಲ್ಲ ಅಂತ. ನನಗೋಸ್ಕರ ತೆಗೀರಿ ಅಂತ ನಾನು ಯಾವ ಬಾಯಲ್ಲಿ ಹೇಳುದು? ಕೊಟ್ಟದ್ದು ನಾನಲ್ವಾ. ನಾಳೆ ನಾನೇ ಹೇಳ್ತೇನೆ, ನನ್ನ ಹತ್ರ ಕಳೆದುಹೋಯ್ತು ಅಂತ. ಒಂದೇ ಒಂದು ಉಪಕಾರ ಬೇಕು. ಶುಕ್ರವಾರ ಇವಳನ್ನು ಏರ್‌ಪೋರ್ಟಿನಿಂದ ಕರ್ಕೊಂಡು ಬಂದು ಆ ಕೋಣೆಗೆ ಬಿಡ್ಬೇಕು. ಬೀಗದ ಕೈ ತಂದಿದ್ದೇನೆ."

ಜೇಬಿನಿಂದ ಬೀಗದ ಕೈ ತೆಗೆದು ನೆಲದ ಮೇಲಿಟ್ಟರು. ಅದಕ್ಕೆ ಹೊಸ ಕೆಂಪು ದಾರ ಕಟ್ಟಿದ್ದರು. ನಾನು ಅಡುಗೆಮನೆಗೆ ಹೋಗಿ ಸುಮ್ಮನೆ ಒಂದು ಲೋಟ ತೊಳೆದೆ.

ನಾನು ಹೊರಗೆ ಬರುವಾಗ ಅತ್ತೆ ಕೇಳುತ್ತಿದ್ದರು, "ಎಷ್ಟು ವರ್ಷ ಆಯ್ತಪ್ಪಾ ನಿಂಗೆ ಮದುವೆ ಆಗಿ?"

"ಹದಿನೈದು."

"ಅದರಲ್ಲಿ ಜೊತೆಗೆ ಇದ್ದಿದ್ದು?"

ಕಾಕಾ ಬೆರಳು ಮಡಚಿ ಲೆಕ್ಕ ಹಾಕತೊಡಗಿದರು. ರಜೆಗಳನ್ನು ಕೂಡಿಸುತ್ತಿದ್ದರು ಅಂತ ಕಾಣುತ್ತದೆ. ಒಂದು ಕೈಯ ಬೆರಳು ಮುಗಿಯುವ ಮೊದಲೇ ಅತ್ತೆ ಎದ್ದರು.

"ಸಾಕು ಬಿಡು," ಎಂದರು.

ಕೈಕಾಲು ತೊಳೆದು ಬಂದರು. ದೀಪ ಹಚ್ಚಿ ದೂರದಲ್ಲಿಟ್ಟರು. ಮೇಲಿನ ಮೆಟ್ಟಿಲಿನ ಮುಂದೆ ನಿಂತು, ನಮಗೆ ಕೇಳಿಸದ ಹಾಗೆ ಏನೋ ಹೇಳಿಕೊಂಡರು. ಆಮೇಲೆ ರಾಜನನ್ನು ಎತ್ತಿ, ಮಡಿಕೆಯಿಟ್ಟ ಒಂದು ರವಿಕೆ ಬಟ್ಟೆಯ ಮೇಲೆ ಮಲಗಿಸಿದರು. ಪಕ್ಕದಲ್ಲಿ ರಾಣಿಯನ್ನು ಮಲಗಿಸಿದರು. ಪಟ್ಟದ ಗೊಂಬೆ ಮಲಗಿದರೆ ಉಳಿದವನ್ನೂ ಎತ್ತಬಹುದು, ಅದು ಕ್ರಮ. ದಶಮಿಯ ರಾತ್ರಿ ಹಾಡುವ ಜೋಗುಳವನ್ನು ಸಪ್ತಮಿಯ ಸಂಜೆಯೇ ಹಾಡಿದರು. ಒಂದು ನುಡಿಯನ್ನೂ ಬಿಡಲಿಲ್ಲ. ಗೋಡೆಯ ಪಕ್ಕ ಕಾಕಾ ತಲೆ ತಗ್ಗಿಸಿ ಕೂತಿದ್ದರು.

ಆಮೇಲೆ ನಾವು ಮೂವರೂ ಸೇರಿ ಸಿಪಾಯಿಗಳ ಹೊಟ್ಟೆಯ ಕುಂಕುಮವನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಬ್ಬೊಬ್ಬನನ್ನೇ ಗೂಡಿಗೆ ಇಳಿಸಿದೆವು. ಕಾಕಾ ಈಗ ಪ್ರತಿಯೊಂದರ ಬುಡ ನೋಡುತ್ತಿದ್ದರು. ಎಲ್ಲದರಲ್ಲೂ ಕೇಪಿತ್ತು. ಇಳಿಸಿ ಮುಗಿದಾಗ ಒಂದು ಗೂಡು ಖಾಲಿ.

ಪೆಟ್ಟಿಗೆಗಳ ಹಿಂದೆ, ಸೋಫಾದ ಅಡಿ, ಆನೆಯ ಅಡಿ ಎಲ್ಲ ಹುಡುಕಿದೆವು. ಆಗಷ್ಟೇ ಆಫೀಸಿನಿಂದ ಬಂದು ಟಿವಿ ಹಾಕಿದ್ದ ನನ್ನ ಗಂಡ ಅದರಿಂದ ಕಣ್ಣು ತೆಗೆಯದೆ ಕೇಳಿದ, "ಏನು, ಅದಾ? ಒಂದು ನನ್ನ ಆಫೀಸಿನ ಟೇಬಲ್ ಮೇಲಿದೆ. ಪೆನ್ ಸ್ಟ್ಯಾಂಡ್ ಪಕ್ಕ."

ಅತ್ತೆ ಮಲಗಿಸಿದ್ದ ಗೊಂಬೆಗಳ ಕಡೆ ತಿರುಗಿ ನೋಡಿದರು. ರಾಜ ರಾಣಿ ಮಲಗಿ ಇನ್ನೂ ಅರ್ಧ ಗಂಟೆ ಆಗಿರಲಿಲ್ಲ, ಆಗಲೇ ಮಗನ ಮೇಜಿನ ಮೇಲೆ ಮದ್ದು.

ಅವನೂ ಕಾಕಾನೂ ಕಾರಿನಲ್ಲಿ ಆಫೀಸಿಗೆ ಹೋದರು. ವಾಚ್‌ಮನ್ನನಿಗೆ ಪರ್ಸು ಮರೆತಿದ್ದೇನೆ ಎಂದು ಹೇಳಿ ಇವನು ಒಳಗೆ ಹೋಗಿ, ತೋಟಾವನ್ನು ಕರ್ಚೀಫಿನಲ್ಲಿ ಸುತ್ತಿ ತಂದನಂತೆ. ಅವರು ಹೋಗಿ ಬರುವ ತನಕ ಅತ್ತೆ ಬಾಗಿಲ ಬಳಿಯೇ ನಿಂತಿದ್ದರು. ಕೂತುಕೊಳ್ಳಿ ಎಂದೆ. "ನೀನು ಕೂತ್ಕೋ," ಎಂದರು. ಇಬ್ಬರೂ ಕೂರಲಿಲ್ಲ.

ಗುರುವಾರ ಬೆಳಿಗ್ಗೆ ನಾನು ಕಸ್ಟಮ್ಸಿನ ಕಾಗದ ಹಿಡಿದು ಮ್ಯಾನೇಜರ್ ಜೊತೆ ಗೋದಾಮಿಗೆ ಹೋದೆ. ಒಬ್ಬ ಪೊಲೀಸ್ ಅಧಿಕಾರಿ, ಜೊತೆಗೆ ಮದ್ದಿನ ವಿಷಯ ಬಲ್ಲ ವಯಸ್ಸಾದ ಒಬ್ಬರು ಬಂದಿದ್ದರು. ಡಬ್ಬಿ ಡಬ್ಬಿಯಾಗಿ ಮುಚ್ಚಳ ತೆಗೆದು ನೋಡಿದರು. ನಮ್ಮ ಡಬ್ಬಿಯ ಸರದಿ ಬಂತು. ಗೂಡುಗಳೆಲ್ಲ ತುಂಬಿದ್ದವು. ವಯಸ್ಸಾದವರು ಒಂದು ತೋಟಾ ಎತ್ತಿ ತಿರುಗಿಸಿದರು. ಬುಡದ ಸುತ್ತಲಿನ ಸಣ್ಣ ಗೀರಿನಲ್ಲಿ, ನಮ್ಮ ಒದ್ದೆ ಬಟ್ಟೆಗೆ ಸಿಗದ ಕುಂಕುಮ ಉಳಿದಿತ್ತು. ಅವರು ಬೆರಳಿಂದ ಉಜ್ಜಿದರು, ಬೆರಳು ಕೆಂಪಾಯಿತು. ಮೂಸಿ ನೋಡಿ ಅಧಿಕಾರಿಗೆ ತೋರಿಸಿದರು. ತೋಟಾದ ಮೇಲಿನ ಒಂದೊಂದು ಬಣ್ಣಕ್ಕೂ ಒಂದೊಂದು ಅರ್ಥವಿರುತ್ತದೆ, ಈ ಬಣ್ಣ ಅವರು ಕಂಡದ್ದಲ್ಲ.

ಅಧಿಕಾರಿ ಕಾಕಾನನ್ನು ನೋಡಿದರು. ಕಾಕಾ ತಗಡಿನ ಮಾಡನ್ನು ನೋಡುತ್ತಿದ್ದರು. ಅಧಿಕಾರಿಯ ಕಣ್ಣು ಮ್ಯಾನೇಜರ್ ಮೇಲೆ ಹೋಗಿ, ಅಲ್ಲಿಂದ ನನ್ನ ಮೇಲೆ ಬಂದು, ನನ್ನ ಹಣೆಯ ಮೇಲೆ ನಿಂತಿತು.

"ಹಬ್ಬವಾ?" ಎಂದು ಹಿಂದಿಯಲ್ಲಿ ಕೇಳಿದರು.

"ಹೌದು," ಎಂದೆ.

"ಇನ್ನೆಲ್ಲಾದರೂ ಉಂಟಾ ಹೀಗೆ ಹಚ್ಚಿದ್ದು?"

"ಇಲ್ಲ. ಎಲ್ಲವೂ ಇಲ್ಲೇ ಇದೆ."

ಅವರು ಗೂಡುಗಳನ್ನು ಇನ್ನೊಮ್ಮೆ ಸಾಲಾಗಿ ನೋಡಿದರು. ಕಾಕಾನ ಕಡೆ ತಿರುಗಿ, ಇನ್ನು ಮೇಲೆ ಕೇಳದೆ ಪೆಟ್ಟಿಗೆ ತೆರೆಯಬೇಡ ಎಂದು ಬಹಳ ಮೆಲ್ಲಗೆ ಹೇಳಿದರು. ಮುಚ್ಚಳ ಹಾಕಿ, "ಖಲಾಸ್," ಎಂದರು. ಪೆಟ್ಟಿಗೆಗಳು ಅವರ ಗಾಡಿ ಏರಿದವು. ಗಾಡಿ ಗೇಟು ದಾಟಿದ ಮೇಲೆ ಕಾಕಾ ಕಂಬಳಿಯ ರಾಶಿಯ ಮೇಲೆ ಕೂತರು. ಮ್ಯಾನೇಜರ್ ನನ್ನನ್ನು, ನನ್ನ ಹಣೆಯನ್ನು ನೋಡಿ ಕಾರು ಹತ್ತಿದರು.

ಶುಕ್ರವಾರ ಏರ್‌ಪೋರ್ಟಿಗೆ ಕಾಕಾ ತಾವೇ ಹೋದರು. ಸಂಜೆ ಫೋನು ಮಾಡಿ, ಬಂದಳು ಎಂದರು. ಆ ಒಂದು ಶಬ್ದ ಹೇಳಲು ಫೋನು ಮಾಡಿದ್ದರು ಅಂತ ಕಾಣುತ್ತದೆ, ಅಷ್ಟೇ ಹೇಳಿ ಇಟ್ಟುಬಿಟ್ಟರು. ನಾನು ಅತ್ತೆಗೆ ಹೇಳಿದೆ. ಅತ್ತೆ ತಲೆಯಾಡಿಸಿದರು. ಅವರ ಗಮನ ಅಲ್ಲಿರಲಿಲ್ಲ.

ಬುಧವಾರ ರಾಜ ರಾಣಿಯನ್ನು ಮಲಗಿಸುವ ಮೊದಲು ನಮಗೆ ಕೇಳಿಸದ ಹಾಗೆ ಹೇಳಿಕೊಂಡದ್ದೇನು ಎಂದು ಅವರು ನನಗೊಬ್ಬಳಿಗೆ ಹೇಳಿದ್ದರು. ಆಗುವುದಿದ್ದರೆ ನನಗಾಗಲಿ, ಅವನಿಗೆ ಬೇಡ. ದಶಮಿಯ ಸೂರ್ಯ ಮುಳುಗುವ ತನಕ ಅವನನ್ನು ಕಾಯಿ, ಆಮೇಲೆ ನಾನು ನೋಡಿಕೊಳ್ಳುತ್ತೇನೆ. ಹಾಗೆ ದೇವಿಯ ಹತ್ತಿರ ಮಾತಾಗಿತ್ತು. ದೇವಿ ಒಪ್ಪಿದ್ದಾಳೋ ಇಲ್ಲವೋ ಗೊತ್ತಿರಲಿಲ್ಲ, ಆದ್ದರಿಂದ ಅತ್ತೆ ತಾವೂ ಕಾಯುತ್ತಿದ್ದರು. ಬಲ್ಬು ಹಾಕಲು ಮಗ ಸ್ಟೂಲು ಹತ್ತಿದರೆ ಇಳಿಸಿದರು. ನಮ್ಮದು ಮೀನು ತಿನ್ನದ ಮನೆ, ಮುಳ್ಳಿನ ಭಯವಿಲ್ಲ, ಆದರೂ ಗಂಟಲಿಗೆ ಸಿಕ್ಕೀತೆಂದು ಅವನ ಸಾರಿನಿಂದ ಕರಿಬೇವಿನ ಕಡ್ಡಿ ಹುಡುಕಿ ತೆಗೆದರು. ಸ್ನಾನದ ಮನೆಯ ಬಾಗಿಲ ಹೊರಗೆ ನಿಂತು, ಜಾರುತ್ತೆ ಕಣೋ ಎಂದರು. ಗುರುವಾರ ಅವನ ಆಫೀಸಿಗೆ ನನ್ನಿಂದ ಗಂಟೆಗೊಮ್ಮೆ ಫೋನು ಮಾಡಿಸಿದರು. ಅವನು ರೇಗಿದ. ಈ ಅಮ್ಮನಿಗೆ ಏನಾಗಿದೆ ಎಂದು ನನ್ನನ್ನು ಕೇಳಿದ. ಗೊಂಬೆ ಎತ್ತಿದರೆ ಏನಾಗುತ್ತದೆ ಎಂಬ ಕತೆಯನ್ನು ಮಂಗಳವಾರ ಸಂಜೆ ಅವನಿಗೂ ಹೇಳಿ ಆಗಿತ್ತು, ಅವನ ಮನಸ್ಸು ಟಿವಿಯ ಕ್ರಿಕೆಟ್ ಮೇಲಿತ್ತು.

ಶನಿವಾರ ದಶಮಿ. ಐದಕ್ಕೆ ಬರಬೇಕಾದವನು ಐದೂವರೆಯಾದರೂ ಬರಲಿಲ್ಲ. ಆಫೀಸಿಗೆ ಫೋನು ಮಾಡಿದರೆ ಹೊರಟಾಯಿತು ಎಂದರು. ಅತ್ತೆ ಬಾಲ್ಕನಿಯ ಕಂಬಿ ಹಿಡಿದು ನಿಂತಿದ್ದರು. ಎದುರಿನ ಕಟ್ಟಡಗಳ ಮೇಲಿಂದ ಬಿಸಿಲು ಹೋಯಿತು. ಮಸೀದಿಯಲ್ಲಿ ಸಂಜೆಯ ಬಾಂಗ್ ಕೂಗಿತು. ಇಷ್ಟೆಲ್ಲ ದಿನ ಇವರ ನಂಬಿಕೆಯನ್ನು ಆಡಿಕೊಳ್ಳುತ್ತಿದ್ದ ನಾನು, ಅವರ ಪಕ್ಕ ಹೋಗಿ ನಿಂತು ರಸ್ತೆಯಲ್ಲಿ ನಮ್ಮ ಕಾರನ್ನು ಹುಡುಕತೊಡಗಿದೆ. ನನಗೆ ನಿಜವಾಗಿ ಭಯವಾಗಿತ್ತು. ಅತ್ತೆ ನನ್ನ ಮೊಣಕೈಯನ್ನು ಹಿಡಿದುಕೊಂಡಿದ್ದರು, ಗಟ್ಟಿಯಾಗಿ, ನೋಯುವಷ್ಟು.

ಬಾಗಿಲ ಗಂಟೆ ಆಯಿತು. ಮಕ್ತೂಮ್ ಸೇತುವೆಯ ಮೇಲೆ ಟ್ರಾಫಿಕ್ಕು, ಅಂದ ನನ್ನ ಗಂಡ. ಕೈಯಲ್ಲಿ ಒಂದು ಕಲ್ಲಂಗಡಿ ಹಣ್ಣು. ಅತ್ತೆ ಅವನ ಹತ್ತಿರ ಹೋದರು. ತಲೆ ಮುಟ್ಟಿದರು, ಕೆನ್ನೆ ಮುಟ್ಟಿದರು, ಎರಡೂ ತೋಳುಗಳನ್ನು ಒತ್ತಿ ನೋಡಿದರು. ಆಮೇಲೆ ಅಲ್ಲೇ ಚಪ್ಪಲಿಗಳ ನಡುವೆ ನೆಲಕ್ಕೆ ಕೂತು, ಸೆರಗನ್ನು ಬಾಯಿಗೊತ್ತಿಕೊಂಡು ಅಳತೊಡಗಿದರು.

ಅವನು ಕಲ್ಲಂಗಡಿಯನ್ನು ಹಿಡಿದುಕೊಂಡೇ ನನ್ನ ಕಡೆ ನೋಡಿದ.

"ಏನಾಯ್ತು ಅಮ್ಮಂಗೆ?"

"ಏನೂ ಆಗ್ಲಿಲ್ಲ," ಎಂದೆ. "ಅದಕ್ಕೇ."